ಟಾಮ್ ಯಮ್‌ನ ಹುಲ್ಲು ಅಗಿಯಲಿಕ್ಕಲ್ಲ

ಮಾನ್ಯ ಸಂಪಾದಕರೇ,

ರಜೆಗೆ ಬ್ಯಾಂಕಾಕಿಗೆ ಹೋಗಿ ಬರುವ ಮುಂಬಯಿ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಹೋಗದವರೂ ಅಂಧೇರಿಯಲ್ಲೋ ಠಾಣೆಯಲ್ಲೋ ಯಾವುದಾದರೂ ಮಾಲ್‌ನಲ್ಲಿ ಒಂದು ಬಟ್ಟಲು ಥಾಯ್ ಗ್ರೀನ್ ಕರಿ ತಿಂದಿರುತ್ತಾರೆ. ಎರಡೂ ಕಡೆಯವರ ತೀರ್ಪು ಒಂದೇ: ‘ಸಿಹಿ, ಮೀನು ವಾಸನೆ, ನಡುನಡುವೆ ಹುಲ್ಲುಕಡ್ಡಿ.’ ದಿನವೂ ಥಾಯ್ ಅಡುಗೆ ಮಾಡುವವರು ನಾವು. ಈ ಮೂರು ದೂರಿನಲ್ಲೂ ಒಂದಿಷ್ಟು ನಿಜವಿದೆ. ಆದರೆ ಅರ್ಧ ತಪ್ಪು ಉಣ್ಣುವ ಕ್ರಮದ್ದು, ಇನ್ನರ್ಧ ಇಲ್ಲಿ ಬೇಯಿಸುವ ಕ್ರಮದ್ದು.

ಅನಾನಸ್ ಮೆಣಸ್ಕಾಯಿ ಉಂಡ ನಾಲಿಗೆಗೆ ಥಾಯ್ ರುಚಿ ತೀರಾ ಹೊಸದೇನಲ್ಲ. ಹುಳಿ, ಖಾರ, ಬೆಲ್ಲ, ಉಪ್ಪು ನಾಲ್ಕೂ ಅಲ್ಲಿಯೂ ಇವೆ. ಮೆಣಸ್ಕಾಯಿಯಲ್ಲಿ ಇವು ಹುರಿದ ಎಳ್ಳಿನ ಮಸಾಲೆಯ ಜೊತೆ ಕುದಿಕುದಿದು ಒಂದಾಗಿಬಿಡುತ್ತವೆ. ಥಾಯ್ ಸಾರಿನಲ್ಲಿ ಹಾಗೆ ಒಂದಾಗಲು ಬಿಡುವುದಿಲ್ಲ. ಹುಳಿಗೆ ನಿಂಬೆರಸ, ಅದೂ ಒಲೆ ಆರಿಸಿದ ಮೇಲೆ. ಖಾರಕ್ಕೆ ನಮ್ಮ ಸೂಜಿಮೆಣಸಿನಂಥ ಪುಟ್ಟ ಹಸಿಮೆಣಸು. ಬ್ಯಾಡಗಿಯ ಹಾಗೆ ಮೆಲ್ಲಗೆ ಏರುವುದಿಲ್ಲ, ಬಾಯಿಗಿಟ್ಟ ಕೂಡಲೇ ಚುರುಕ್ಕೆನ್ನುತ್ತದೆ. ಹುರಿದ ಧನಿಯಾ–ಜೀರಿಗೆಯ ಘಮ ಹುಡುಕುತ್ತ ಹೋದವರಿಗೆ ನಿರಾಸೆ ಖಂಡಿತ. ಅಂಥವರು ಮಸ್ಸಮನ್ ಕರಿಯಿಂದ ಶುರುಮಾಡಲಿ. ಅದಕ್ಕೆ ಚಕ್ಕೆ, ಲವಂಗ, ಏಲಕ್ಕಿ, ಹುಣಸೆಹುಳಿ, ಆಲೂಗಡ್ಡೆ, ಶೇಂಗಾ ಎಲ್ಲ ಬೀಳುತ್ತದೆ. ಮುಸ್ಲಿಂ ಅಡುಗೆಯ ಪ್ರಭಾವದಿಂದ ಹುಟ್ಟಿದ್ದು, ನಮ್ಮ ಕುರ್ಮಾಕ್ಕೆ ದೂರದ ನೆಂಟ.

ಈಗ ಹುಲ್ಲಿನ ಮಾತು. ಅದು ಬಾಯಿಗೆ ಸಿಗುವುದು ಟಾಮ್ ಯಮ್ ಎಂಬ ಹುಳಿ–ಖಾರದ ಸಾರಿನಲ್ಲಿ. ‘ಟಾಮ್’ ಎಂದರೆ ಕುದಿಸುವುದು, ‘ಯಮ್’ ಎಂದರೆ ಕಲಸುವುದು. ಸಾರಿನಲ್ಲಿ ತೇಲುವ ಮಜ್ಜಿಗೆಹುಲ್ಲಿನ ದಂಟು, ಶುಂಠಿ ಜಾತಿಯ ಗಡ್ಡೆ ಗಲಂಗಲ್‌ನ ಬಿಲ್ಲೆ, ನಿಂಬೆ ಜಾತಿಯ ಮಕ್ರುತ್ ಗಿಡದ ಜೋಡೆಲೆ, ಇವು ಮೂರೂ ವಾಸನೆಗೆ ಹಾಕಿದವು. ಪಲಾವಿನ ಚಕ್ಕೆ–ಲವಂಗದಂತೆ ತಟ್ಟೆಯ ಅಂಚಿಗೆ ಸರಿಸಬೇಕು. ಅಗಿದರೆ ನಾರು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಗಲಂಗಲ್ ಔಷಧಿಯಂತೆ ಘಾಟು ಹೊಡೆಯುತ್ತದೆ. ಮನೆಯಲ್ಲಿ ಮಾಡುವವರು ಎಡವುವುದು ಇದಕ್ಕೂ ಮೊದಲು, ತರಕಾರಿ ಅಂಗಡಿಯಲ್ಲೇ. ಮುಂಬಯಿಯ ಭಾಜಿಯವರು ‘ಗವತಿ ಚಹಾ’ ಎಂದು ಕಟ್ಟಿ ಕೊಡುವುದು ಬರೀ ಎಲೆ. ಚಹಾಕ್ಕೆ ಅದು ಸಾಕು. ಥಾಯ್ ಸಾರಿಗೆ ಬೇಕಾದ್ದು ಬುಡದ ಕಡೆಯ ನಾಲ್ಕು ಇಂಚು, ಬೆಳ್ಳಗೆ ಗಟ್ಟಿಯಾಗಿರುವ ಭಾಗ. ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಬುಡ ಸಮೇತ ಸಿಗುತ್ತದೆ. ಎಲೆಯನ್ನೇ ಹಾಕಿ ಹದಿನೈದು ನಿಮಿಷ ಕುದಿಸಿದರೆ ಸಾರು ಕಷಾಯವಾಗುತ್ತದೆ.

ನಾಲ್ಕು ಜನಕ್ಕೆ ಅಳತೆ ಹೀಗಿದೆ: 1 ಲೀಟರ್ ನೀರು ಅಥವಾ ಸಿಗಡಿಯ ತಲೆ–ಸಿಪ್ಪೆ ಬೇಯಿಸಿ ಸೋಸಿದ ನೀರು, ಜಜ್ಜಿದ 3 ದಂಟು, ಗಲಂಗಲ್ 6–7 ತೆಳು ಬಿಲ್ಲೆ, ನಡುನರ ತೆಗೆದು ಹರಿದ 5 ಮಕ್ರುತ್ ಎಲೆ. ಐದು ನಿಮಿಷ ಕುದಿದರೆ ಸಾಕು. ಅಣಬೆ, ಸಿಗಡಿ ಹಾಕಿ ಮತ್ತೆ ಎರಡು ನಿಮಿಷ. ಒಲೆ ಆರಿಸಿ 3 ದೊಡ್ಡ ಚಮಚ ಮೀನಿನ ರಸ (ಫಿಶ್ ಸಾಸ್), 4 ದೊಡ್ಡ ಚಮಚ ನಿಂಬೆರಸ, ಜಜ್ಜಿದ ಮೆಣಸು. ನಿಂಬೆರಸ ಹಾಕಿ ಕುದಿಸಿದರೆ ಚಿತ್ರಾನ್ನದಲ್ಲಿ ಆಗುವುದೇ ಇಲ್ಲಿಯೂ ಆಗುತ್ತದೆ: ಪರಿಮಳ ಹಾರಿ ಕಹಿ ಉಳಿಯುತ್ತದೆ. ಗಲಂಗಲ್ ಸಿಗದಿದ್ದರೆ ಶುಂಠಿ ಹಾಕಿ ಎಂದು ಹೇಳುವವರಿದ್ದಾರೆ. ಒಪ್ಪಬೇಡಿ. ಶುಂಠಿ ಬಿದ್ದರೆ ಅದು ಬೇರೆಯೇ ಸಾರು; ಹಾಕದಿದ್ದರೇ ವಾಸಿ.

ಮೀನು ವಾಸನೆಯ ಮೂಲ ‘ನಾಮ್ ಪ್ಲಾ’. ಸಣ್ಣ ಮೀನನ್ನು ಉಪ್ಪಿನಲ್ಲಿ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಮಾಗಿಸಿ ಸೋಸಿದ ರಸ. ಇಲ್ಲಿಯ ಮಾಂದೇಲಿಯೂ ಅದೇ ಮನೆತನದ ಮೀನು. ಬಾಟಲಿಗೆ ಮೂಗಿಟ್ಟರೆ ಯಾರಿಗೂ ಬೇಡವೆನಿಸುತ್ತದೆ. ಇಂಗಿನ ಡಬ್ಬಿಗೆ ಮೂಗಿಟ್ಟು ತಿಳಿಸಾರಿನ ಬೆಲೆ ಕಟ್ಟುವವರುಂಟೆ? ಬಿಸಿಸಾರಿಗೆ ಬಿದ್ದ ಮೇಲೂ ನಾರುತ್ತಿದ್ದರೆ ರಸ ಹೆಚ್ಚಾಗಿದೆ, ಇಲ್ಲವೇ ಹುಳಿ ಸಾಲದು. ನೀರು ಬೆರೆಸಬೇಡಿ, ಅರ್ಧ ನಿಂಬೆ ಹಿಂಡಿ ನೋಡಿ.

ಸಿಹಿಯ ದೂರಿಗೆ ಮಾತ್ರ ನಮ್ಮ ಮುಂಬಯಿ ಹೋಟೆಲುಗಳೇ ಹೊಣೆ. ಗ್ರೀನ್ ಕರಿಯ ಥಾಯ್ ಹೆಸರಿನಲ್ಲಿ ‘ವಾನ್’, ಅಂದರೆ ಸಿಹಿ, ಎಂಬ ಮಾತಿರುವುದು ಹೌದು. ಅಲ್ಲಿ ಅದು ಹಾಲು ಬೆರೆತ ತಿಳಿಹಸಿರು ಬಣ್ಣಕ್ಕೆ ಹೇಳಿದ್ದು; ಕರಿ ಖಾರವಾಗಿಯೇ ಇರುತ್ತದೆ. ಇಲ್ಲಿ ಖಾರ ಇಳಿಸಿ, ಸಕ್ಕರೆ ಏರಿಸಿ, ಬ್ರೊಕೊಲಿ–ಬೇಬಿಕಾರ್ನ್ ತುಂಬಿ ಕೊಡುತ್ತಾರೆ. ಅದಕ್ಕಿಂತ ದೊಡ್ಡ ತಪ್ಪು ತೆಂಗಿನಹಾಲಿನದು. ಕರಾವಳಿಯಲ್ಲಿ ನಾವು ನೀರುಹಾಲಿನಲ್ಲಿ ಬೇಯಿಸಿ, ದಪ್ಪಹಾಲನ್ನು ಕೊನೆಗೆ ಹಾಕಿ, ಒಡೆದೀತೆಂದು ಕುದಿ ಬರುವ ಮುನ್ನವೇ ಇಳಿಸುತ್ತೇವೆ. ಥಾಯ್ ಕ್ರಮ ಇದಕ್ಕೆ ತದ್ವಿರುದ್ಧ. ಅಲ್ಲಿ ದಪ್ಪಹಾಲು ಮೊದಲು, ಅದು ಒಡೆಯಲೇಬೇಕು. 400 ಮಿ.ಲೀ. ಹಾಲಿನಲ್ಲಿ ಮೇಲಿನ 100 ಮಿ.ಲೀ. ದಪ್ಪಭಾಗವನ್ನು ಬಾಣಲೆಗೆ ಸುರಿದು, ಎಣ್ಣೆಯ ಹನಿಗಳು ಬಿಡುವವರೆಗೆ ಐದಾರು ನಿಮಿಷ ಕಾಯಿಸಿ. ಆ ಎಣ್ಣೆಯಲ್ಲೇ 50 ಗ್ರಾಂ ಕರಿಪೇಸ್ಟನ್ನು ಹಸಿವಾಸನೆ ಹೋಗುವಷ್ಟು ಹುರಿದು, ಆಮೇಲೆ ಉಳಿದ ಹಾಲು. ಪೇಸ್ಟನ್ನು ನೇರವಾಗಿ ಕುದಿಯುವ ಹಾಲಿಗೆ ಕದಡಿದರೆ ಬೆಳ್ಳುಳ್ಳಿ–ಈರುಳ್ಳಿಯ ಹಸಿತನ ಹಾಗೇ ಉಳಿಯುತ್ತದೆ. ಅದನ್ನು ಮುಚ್ಚಲು ಸಕ್ಕರೆ ಸುರಿಯುತ್ತಾರೆ. ಪೊಟ್ಟಣದ ಹಾಲು ಎಷ್ಟು ಕಾಯಿಸಿದರೂ ಒಡೆಯದಿದ್ದರೆ, ಬೇರ್ಪಡದಿರಲೆಂದು ಅದಕ್ಕೆ ಏನಾದರೂ ಸೇರಿಸಿದ್ದಾರೆಂದೇ ಅರ್ಥ. ಆಗ ಒಂದು ಚಮಚ ಎಣ್ಣೆ ಹಾಕಿ ಮುಂದುವರಿಯಿರಿ. ಸಿಹಿಗೆ ಒಂದು ಸಣ್ಣ ಚಮಚ ತಾಳೆಬೆಲ್ಲ ಸಾಕು. ಊರಿನಿಂದ ತಂದ ಓಲೆಬೆಲ್ಲವೂ ಆದೀತು, ಬಣ್ಣ ಒಂದಿಷ್ಟು ಕಪ್ಪಾಗುತ್ತದೆ ಅಷ್ಟೆ.

ಸೊಪ್ಪಿನ ವಿಷಯ ಚಿಕ್ಕದು. ಗ್ರೀನ್ ಕರಿಗೆ ಹಾಕುವ ‘ಹೊರಪಾ’ ನಮ್ಮ ಕಾಮಕಸ್ತೂರಿಯ ಜಾತಿಯದೇ, ಸೋಂಪಿನ ವಾಸನೆ ಹೆಚ್ಚು. ‘ಪ್ಯಾಡ್ ಕ್ರಪಾವ್’ ಎಂಬ ಹುರಿದ ಪದಾರ್ಥಕ್ಕೆ ಬೀಳುವುದು ಸಾಕ್ಷಾತ್ ತುಳಸಿ. ಕಟ್ಟೆಯ ತುಳಸಿ ಕಿತ್ತು ಕೋಳಿಗೆ ಹಾಕಲು ಯಾರಿಗೂ ಮನಸ್ಸು ಬಾರದು. ಅದಕ್ಕೊಂದು ಬೇರೆ ಕುಂಡವಿಟ್ಟರಾಯಿತು. ಕೊತ್ತಂಬರಿ ಜುಡಿಯ ಬೇರನ್ನು ಮಾತ್ರ ಎಸೆಯಬೇಡಿ. ಬೇರು, ಬೆಳ್ಳುಳ್ಳಿ, ಕಾಳುಮೆಣಸು ಮೂರನ್ನು ಕುಟ್ಟಿದ ಮುದ್ದೆ ಎಷ್ಟೋ ಥಾಯ್ ಅಡುಗೆಗಳ ಅಡಿಪಾಯ.

ಉಣ್ಣುವ ಕ್ರಮಕ್ಕೆ ಬಂದರೆ, ಟಾಮ್ ಯಮ್ ಅನ್ನು ಇಲ್ಲಿ ಸೂಪಿನಂತೆ ಮೊದಲೇ ಬಟ್ಟಲಿನಲ್ಲಿ ತಂದಿಡುತ್ತಾರೆ. ಖಾಲಿ ಹೊಟ್ಟೆಗೆ ಅಷ್ಟು ಹುಳಿ–ಖಾರ ಕುಡಿದವರು ಬೆವರದೆ ಇನ್ನೇನು? ಅಲ್ಲಿ ಅನ್ನ ನಡುವೆ. ಸಾರು, ಕರಿ, ಹುರಿದದ್ದು, ಹಸಿ ತರಕಾರಿ ಎಲ್ಲ ಒಟ್ಟಿಗೇ ಸುತ್ತ. ಅನ್ನಕ್ಕೆ ಉಪ್ಪಿಲ್ಲ, ಅದಕ್ಕೇ ಪದಾರ್ಥಗಳು ಅಷ್ಟು ಕಟುವಾಗಿರುವುದು. ಕರಿಯನ್ನು ಅನ್ನದ ಮೇಲೆ ಒಂದೆರಡು ಚಮಚ ಮಾತ್ರ ಹಾಕಿಕೊಳ್ಳಿ, ಹುಳಿಯನ್ನದ ಹಾಗೆ ತಟ್ಟೆ ತುಂಬ ಕಲಸಬೇಡಿ. ಖಾರ ಹತ್ತಿದರೆ ನೀರಿನಿಂದ ಪ್ರಯೋಜನವಿಲ್ಲ, ಅನ್ನ ಮತ್ತು ಸೌತೆಕಾಯಿ ತಿನ್ನಿ. ಬಲಗೈಯಲ್ಲಿ ಚಮಚ, ಎಡಗೈಯ ಫೋರ್ಕು ತಳ್ಳಲಿಕ್ಕೆ. ಕಡ್ಡಿಗಳು ನೂಡಲ್ಸಿಗೆ ಮಾತ್ರ, ಅಂಟಕ್ಕಿ ಅನ್ನಕ್ಕೆ ಕೈ. ಹೋಟೆಲಿನಲ್ಲಿ ಅನ್ನಕ್ಕೆ ಕಡ್ಡಿ ಕೇಳಿ ಪೇಚಾಡುವವರನ್ನು ನೋಡಿದರೆ ಪಾಪ ಅನಿಸುತ್ತದೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ‘ವೆಜ್ ಥಾಯ್ ಕರಿ’ ಎಂದರೆ ಹಲವು ಕಡೆ ತರಕಾರಿ ಹಾಕಿದ ಕರಿ ಎಂದಷ್ಟೇ ಅರ್ಥ. ಪೇಸ್ಟಿನಲ್ಲೇ ‘ಕಪಿ’ ಎಂಬ ಸಿಗಡಿಮುದ್ದೆ ಇರಬಹುದು. ಇಲ್ಲಿಯ ಜವಳಾದಂಥ ಪುಡಿಸಿಗಡಿಯನ್ನು ಉಪ್ಪು ಹಾಕಿ ಮಾಗಿಸಿದ್ದು. ಡಬ್ಬಿಯ ಮೇಲೆ ಹಸಿರು ಗುರುತು ನೋಡಿಯೇ ಕೊಳ್ಳಿ. ಮೀನಿನ ರಸದ ಜಾಗಕ್ಕೆ ತಿಳಿ ಸೋಯಾಸಾಸ್ ಅಷ್ಟೇ ಅಳತೆಗೆ, ಜೊತೆಗೆ ಒಣ ಅಣಬೆ ನೆನೆಸಿದ ನೀರು. ಕಪ್ಪು ಸೋಯಾ ಬೇಡ. ಥಾಯ್ಲೆಂಡಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿ ಹುಡುಕಿ. ಅಲ್ಲಿ ಮೀನಿನ ರಸವಿಲ್ಲ, ಮೊಟ್ಟೆಯಿಲ್ಲ, ನಮ್ಮ ಮಠದ ಅಡುಗೆಯಂತೆ ಈರುಳ್ಳಿ–ಬೆಳ್ಳುಳ್ಳಿಯೂ ಇಲ್ಲ. ಬೇರೆ ಕಡೆ ‘ಮಾಯ್ ಸಾಯ್ ನಾಮ್ ಪ್ಲಾ’ ಎಂದರೆ ಮೀನಿನ ರಸ ಹಾಕಬೇಡಿ ಎಂದಾಗುತ್ತದೆ. ‘ಮಾಯ್ ಪೆಟ್’ ಎಂದರೆ ಖಾರ ಬೇಡ.

ಮುಂಬಯಿಯ ಹೋಟೆಲ್ ಉದ್ಯಮದಲ್ಲಿ ಕನ್ನಡಿಗರು, ತುಳುವರು ಬಹಳ ಮಂದಿ ಇದ್ದಾರೆ; ಅವರಲ್ಲಿ ಈ ಪತ್ರಿಕೆ ಓದುವವರೂ ಇದ್ದಾರೆ. ಥಾಯ್ ವಿಭಾಗ ಇಟ್ಟವರು ಮೆನುವಿನಲ್ಲಿ ಪ್ರತಿ ಕರಿಯ ಮುಂದೆ ಎರಡೇ ಸಂಗತಿ ಅಚ್ಚು ಹಾಕಿಸಲಿ: ಪೇಸ್ಟಿನಲ್ಲಿ ಸಿಗಡಿ ಇದೆಯೋ ಇಲ್ಲವೋ, ಶೇಂಗಾ ಇದೆಯೋ ಇಲ್ಲವೋ. ಶೇಂಗಾ ಆಗದವರಿಗೆ ಒಂದು ತುತ್ತೂ ಅಪಾಯ. ಜೊತೆಗೆ, ಟಾಮ್ ಯಮ್ ಅನ್ನು ಅನ್ನದೊಡನೆಯೇ ತಂದಿಡಲು ಬಡಿಸುವ ಹುಡುಗರಿಗೆ ಹೇಳಿಕೊಡಲಿ.

ಇತಿ,
ಥಾಯ್ ಅಡುಗೆಯ ಕೆಲಸದಲ್ಲಿರುವ ಕೆಲವು ಕನ್ನಡಿಗರು
ಮುಲುಂಡ್, ಮುಂಬಯಿ