ತಳಪಾಯದ ಫೋಟೊದಲ್ಲಿ ನೆರೆಯ ಗೆರೆಯೂ ಇರಲಿ

ಮಾನ್ಯರೆ,

ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳಿಗೆ ಮಹಾಪೂರ ಬಂದಾಗಲೆಲ್ಲ ನಮ್ಮ ಭಾಗದಲ್ಲಿ ಮಾತು ಎರಡೇ ವಿಷಯಕ್ಕೆ ಬಂದು ನಿಲ್ಲುತ್ತದೆ: ಬಿದ್ದ ಮನೆಗೆ ಎಷ್ಟು ಲಕ್ಷ, ಊರು ಸ್ಥಳಾಂತರ ಆಗಬೇಕೋ ಬೇಡವೋ. 2009ರಲ್ಲಿ ಅದೇ, 2019ರಲ್ಲಿ ಅದೇ, 2021ರಲ್ಲೂ ಅದೇ. ಮತ್ತೆ ಕಟ್ಟುವ ಮನೆ ಹೇಗಿರಬೇಕು ಎಂಬುದನ್ನು ಗವಂಡಿಗೆ (ಮನೆ ಕಟ್ಟುವ ಮೇಸ್ತ್ರಿಗೆ) ಬಿಟ್ಟುಬಿಡುತ್ತೇವೆ. ಅವನು ಪಕ್ಕದ ಮನೆಯ ಪಾಯಾ (ನೆಲದಿಂದ ಮೇಲೆದ್ದ ತಳಪಾಯ) ನೋಡಿ ಅಷ್ಟೇ ಎತ್ತರಕ್ಕೆ ದಾರ ಕಟ್ಟುತ್ತಾನೆ. ಆ ಪಕ್ಕದ ಮನೆಯೊಳಗೆ ಎಷ್ಟು ನೀರು ನಿಂತಿತ್ತು ಎಂದು ಯಾರೂ ಕೇಳುವುದಿಲ್ಲ.

2019ರಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಸರ್ಕಾರದ ವಸತಿ ಹಣ ಬರುವುದು ಕಂತಿನಲ್ಲಿ, ಕಂತಿಗೊಂದು ಜಿಪಿಎಸ್ ಫೋಟೊ. ತಳಪಾಯ, ಲಿಂಟೆಲ್, ಛಾವಣಿ ಮುಗಿದಿವೆಯೇ ಎಂಬುದನ್ನಷ್ಟೇ ಆ ಫೋಟೊ ಹೇಳುತ್ತದೆ. ತಳಪಾಯ ನೆರೆಯ ಮಟ್ಟಕ್ಕಿಂತ ಮೇಲಿದೆಯೇ, ಅದರ ಹೊಟ್ಟೆಯಲ್ಲಿ ಏನು ತುಂಬಿದ್ದಾರೆ ಎಂಬುದು ಅದರಲ್ಲಿ ಕಾಣುವುದಿಲ್ಲ. ತಳಪಾಯದ ಫೋಟೊದಲ್ಲಿ ಹಿಂದಿನ ನೆರೆಯ ಗೆರೆಯೂ, ಅಂದರೆ ಆಗ ನೀರು ಏರಿದ್ದ ಮಟ್ಟದ ಗುರುತೂ ಕಾಣಬೇಕು, ಇಲ್ಲವಾದರೆ ಮುಂದಿನ ಕಂತು ಕೊಡಬಾರದು ಎಂಬುದು ನಮ್ಮ ಬೇಡಿಕೆ.

ಗೆರೆ ಹುಡುಕುವುದು ಕಷ್ಟದ ಕೆಲಸವಲ್ಲ. ‘ಎದೆಮಟ್ಟ ಬಂದಿತ್ತು’ ಎಂಬ ಮಾತನ್ನು ನಂಬಬೇಡಿ, ಒಬ್ಬೊಬ್ಬರ ಎದೆ ಒಂದೊಂದು ಎತ್ತರದಲ್ಲಿರುತ್ತದೆ. ಗುಡಿ, ಶಾಲೆ, ಹಳೆಯ ವಾಡೆಯಲ್ಲಿ ಬಾಗಿಲು ಮುಚ್ಚಿದ್ದ ಕೋಣೆ ಯಾವುದೆಂದು ಕೇಳಿ, ಅದರ ಒಳಗೋಡೆ ನೋಡಿ. ಅಲ್ಲಿ ನೀರು ಅಲುಗದೆ ನಿಂತಿರುವುದರಿಂದ ರಾಡಿಯ (ಕೆಸರಿನ) ಗೆರೆ ಸರಿಯಾಗಿ ಬಿದ್ದಿರುತ್ತದೆ. ಹೊರಗೋಡೆಯ ಗೆರೆ ಅಲೆಯಿಂದ ನಾಲ್ಕಾರು ಇಂಚು ಮೇಲೆ ಕೂತಿರಬಹುದು. ಕಿಟಕಿ ಚೌಕಟ್ಟಿನ ಸಂದು, ಸ್ವಿಚ್ ಬೋರ್ಡಿನ ಒಳಭಾಗವೂ ಸಾಕ್ಷಿ ಹೇಳುತ್ತವೆ. ಮೂರು ಕಡೆ ಗುರುತು ಸಿಕ್ಕಿ, ಮೂರೂ ಒಂದಕ್ಕೊಂದು ತಾಳೆಯಾದರೆ ಸಾಕು.

ಅಲ್ಲಿಂದ ನಿಮ್ಮ ಜಾಗಕ್ಕೆ ಗೆರೆ ತರಲು ಗವಂಡಿಯ ಲೆವೆಲ್ ಪೈಪು ಇದ್ದೇ ಇದೆ. 50 ಅಡಿಯ ಪಾರದರ್ಶಕ ಪೈಪಿಗೆ ನೀರು ತುಂಬಿ, ಎರಡೂ ತುದಿ ಒಟ್ಟಿಗೆ ಹಿಡಿದು ನೀರು ಸಮ ನಿಂತಿದೆಯೇ ನೋಡಿಕೊಳ್ಳಬೇಕು. ಸಮ ಇಲ್ಲದಿದ್ದರೆ ಒಳಗೆಲ್ಲೋ ಗಾಳಿಗುಳ್ಳೆ ಇದೆ. ಅದನ್ನು ಹೊರಡಿಸದೆ ಮುಂದುವರಿದರೆ ಇಂಚುಗಟ್ಟಲೆ ಮೋಸ ಹೋಗುತ್ತೀರಿ. ಒಬ್ಬ ಗೆರೆಯ ಹತ್ತಿರ, ಇನ್ನೊಬ್ಬ ಹೊಸ ಜಾಗದಲ್ಲಿ ನೆಟ್ಟ ಗಳುವಿನ (ಉದ್ದ ಕೋಲಿನ) ಹತ್ತಿರ ನಿಂತು, ಪೈಪಿನ ತುದಿ ಮುಚ್ಚಿದ ಹೆಬ್ಬೆರಳು ತೆಗೆದ ಮೇಲೆ ನೀರು ನಿಲ್ಲುವ ತನಕ ಕಾದು ಗುರುತು ಹಾಕಬೇಕು. ದೂರ ಹೆಚ್ಚಿದ್ದರೆ ನಡುವೆ ಗೂಟ ನೆಟ್ಟು ಹಂತ ಹಂತವಾಗಿ ಸಾಗಬೇಕು. ಆದರೆ ಊರಿನ ಮೇಲ್ತುದಿಯ ಗೆರೆಯನ್ನು ಕೆಳತುದಿಗೆ ಒಯ್ಯಬೇಡಿ. ಹರಿಯುವ ಹೊಳೆಯ ಮೈಗೂ ಇಳಿಜಾರು ಇರುತ್ತದೆ. ಅದೇ ಓಣಿಯ ಗೆರೆ ಉತ್ತಮ.

ಗೆರೆ ನೆಲದಿಂದ ಮೂರು ಅಡಿಯೊಳಗೆ ಇದ್ದರೆ, ಪಾಯಾವನ್ನು ಗೆರೆಗಿಂತ ಒಂದೂವರೆ ಅಡಿ ಮೇಲಕ್ಕೆ ಒಯ್ಯುವುದು ಸಲೀಸು. ಮೂರರಿಂದ ಆರು ಅಡಿಯಾದರೆ ಮಣ್ಣು ತುಂಬುವ ಉಪಾಯ ಸಾಗದು. ಆರ್‌ಸಿಸಿ ಕಂಬದ ಮೇಲೆ ಮನೆ ಎತ್ತಿ, ಕೆಳಗೆ ದನ, ಗಾಡಿ ಕಟ್ಟಿಕೊಳ್ಳಬೇಕು. ಆ ಕೆಳಭಾಗಕ್ಕೆ ಮುಂದೆಂದೂ ಗೋಡೆ ಎಬ್ಬಿಸಬಾರದು. ಇದನ್ನು ಎಷ್ಟು ಸಲ ಹೇಳಿದರೂ ಮಗನ ಮದುವೆ ಹೊತ್ತಿಗೆ ಅಲ್ಲೊಂದು ಕೋಣೆ ಎದ್ದಿರುತ್ತದೆ. ಆರು ಅಡಿಗೂ ಮೀರಿ ನೀರು ಬರುವ ಜಾಗದಲ್ಲಿ ಮನೆ ಕಟ್ಟದಿರುವುದೇ ಲೇಸು.

ಇಷ್ಟು ಖಡಾಖಂಡಿತ ಹೇಳಲು ಕಾರಣ ನೀರಿನ ಒತ್ತಡದ ಲೆಕ್ಕ. ಹೊರಗೆ ಮೂರು ಅಡಿ ನೀರು, ಒಳಗೆ ಒಣನೆಲ ಎಂದರೆ ಹತ್ತು ಅಡಿ ಉದ್ದದ ಗೋಡೆಯ ಮೇಲೆ ಸುಮಾರು ಒಂದೂಕಾಲು ಟನ್ ಒತ್ತಡ ಬೀಳುತ್ತದೆ. ನೀರು ಆರು ಅಡಿಯಾದರೆ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ ಐದು ಟನ್. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಅದನ್ನು ತಡೆಯುವುದಿಲ್ಲ. ಬಾಗಿಲಿಗೆ ಉಸುಕಿನ ಚೀಲ ಒಟ್ಟಿ ನೀರು ತಡೆಯುವುದು ಎರಡು ಅಡಿಯವರೆಗೆ ಸರಿ. ಮೂರು ಅಡಿ ದಾಟುವಂತೆ ಕಂಡರೆ ಬಾಗಿಲು ತೆರೆದು ನೀರನ್ನು ಒಳಗೆ ಬಿಟ್ಟುಕೊಳ್ಳಬೇಕು. ಮನೆ ರಾಡಿಯಾದರೂ ಗೋಡೆ ಉಳಿಯುತ್ತದೆ. ಅದಕ್ಕೇ ಕಟ್ಟುವಾಗಲೇ ನೆಲಮಟ್ಟದಲ್ಲಿ ಎದುರುಬದುರು ಗೋಡೆಗಳಿಗೆ ಕಿಂಡಿ ಬಿಡುವುದು ಒಳ್ಳೆಯದು. ಕೋಣೆಯ ಪ್ರತಿ ಚದರ ಅಡಿಗೆ ಒಂದು ಚದರ ಇಂಚು ಕಿಂಡಿ ಎಂದು ಲೆಕ್ಕ. 10ಕ್ಕೆ 12 ಅಡಿಯ ಕೋಣೆಗೆ 120 ಚದರ ಇಂಚು, ಅಂದರೆ ಒಂದೊಂದು ಇಟ್ಟಿಗೆ ಬಿಟ್ಟ ನಾಲ್ಕೈದು ಕಿಂಡಿ. ಹಾವು ಚೇಳು ಬರದಂತೆ ಜಾಳಿ ಬಡಿದರಾಯಿತು.

ಇನ್ನು ಪಾಯಾದೊಳಗಿನ ಮಾತು. 20ಕ್ಕೆ 25 ಅಡಿಯ ಮನೆಯ ಪಾಯಾವನ್ನು ಎರಡು ಅಡಿಯಿಂದ ನಾಲ್ಕು ಅಡಿಗೆ ಏರಿಸಲು ಹೆಚ್ಚುವರಿ ತುಂಬುವುದು 1,000 ಘನ ಅಡಿ, ಅಂದರೆ 10 ಬ್ರಾಸ್. ದಮ್ಮಸು ಹೊಡೆದಾಗ ಇಳಿಯುವುದರಿಂದ 12–13 ಬ್ರಾಸ್ ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ತರಿಸಬೇಕಾಗುತ್ತದೆ. ಹೆಚ್ಚಿನವರು ಇಲ್ಲೇ ದಾರಿ ತಪ್ಪುವುದು. ಪಾಯಾ ತೋಡಿದ ಎರೆಮಣ್ಣು (ಕಪ್ಪು ಮಣ್ಣು) ಪಕ್ಕದಲ್ಲೇ ಗುಡ್ಡೆ ಬಿದ್ದಿರುತ್ತದೆ, ಪುಕ್ಕಟೆ ಸಿಗುತ್ತದೆ ಎಂದು ಅದನ್ನೇ ಒಳಗೆ ತುಂಬಿ ಮೇಲೆ ಪರಸಿ ಕಲ್ಲು ಹಾಸುತ್ತಾರೆ. ಮೊದಲ ಮಳೆಗಾಲದಲ್ಲೇ ಎರೆ ನೀರು ಕುಡಿದು ಉಬ್ಬುತ್ತದೆ, ಪರಸಿ ಎದ್ದು ನಿಲ್ಲುತ್ತದೆ, ಪಾಯಾದ ಗೋಡೆ ಹೊರಗೆ ವಾಲುತ್ತದೆ. ಗರಸನ್ನೇ ತುಂಬಬೇಕು, ಅದನ್ನೂ ಆರಾರು ಇಂಚಿನ ಪದರಾಗಿ ನೀರು ಹಾಕಿ ಬಡಿದು ತುಂಬಬೇಕು. ಉಸುಕೂ ಬೇಡ, ಉಸುಕಿನ ಸಂದಿನಲ್ಲಿ ನೀರು ನಿಂತು ಕೆಳಗಿನ ಎರೆಗೆ ಇಳಿಯುತ್ತಲೇ ಇರುತ್ತದೆ. ಮುಂಬೈ ಐಐಟಿಯ ಪ್ರೊ. ಆರ್.ಕೆ. ಕಟ್ಟಿಯವರು ತೋರಿಸಿಕೊಟ್ಟದ್ದು ಇದನ್ನೇ: ಊದದ, ಆದರೆ ಜಿಗುಟಿರುವ ಮಣ್ಣಿನ ಸುಮಾರು ಒಂದು ಮೀಟರ್ ಪದರು ಎರೆಯ ಉಬ್ಬನ್ನು ಅದುಮಿ ಹಿಡಿಯುತ್ತದೆ. ನಮ್ಮ ಮಲಪ್ರಭಾ ಕಾಲುವೆಯ ಕೆಲಸದಲ್ಲೇ ಈ ವಿಧಾನ ಬಳಕೆಯಾಯಿತು. ಕಾಲುವೆಗೆ ಕೊಟ್ಟ ಕಾಳಜಿಯನ್ನು ಮನೆಗೆ ಕೊಡಲಿಲ್ಲ, ಅಷ್ಟೇ.

ಪಾಯಾದ ಕೆಳಗಿನ ಎರೆ ಇನ್ನೂ ದೊಡ್ಡ ಪೀಡೆ. ನೆರೆ ಬಂದಾಗ ನೆಟ್ಟಗೆ ನಿಂತಿದ್ದ ಮನೆ ಮುಂದಿನ ಏಪ್ರಿಲ್‌ನಲ್ಲಿ ಬಿರುಕು ಬಿಡುವುದನ್ನು ಹೊಳೆಸಾಲಿನ ಊರುಗಳಲ್ಲಿ ಎಲ್ಲರೂ ಕಂಡಿದ್ದಾರೆ. ನೆರೆಯಲ್ಲಿ ಪೂರ್ತಿ ನೆನೆದು ಉಬ್ಬಿದ ನೆಲ, ಬೇಸಿಗೆಯಲ್ಲಿ ಮನೆಯ ಅಂಚಿನಿಂದ ಒಣಗುತ್ತ ಬರುತ್ತದೆ. ನಡುಮನೆಯ ಕೆಳಗೆ ಹಸಿ ಹಾಗೇ ಉಳಿದಿರುತ್ತದೆ. ಮೂಲೆಗಳು ಕುಸಿಯುತ್ತವೆ, ನಡು ಕುಸಿಯುವುದಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಆ ಹೊತ್ತಿಗೆ ಹಾನಿ ಸಮೀಕ್ಷೆ ಮುಗಿದಿರುತ್ತದೆ, ಪರಿಹಾರದ ಪಟ್ಟಿಯೂ ಮುಚ್ಚಿರುತ್ತದೆ.

ಎರೆ ನಾಲ್ಕೈದು ಅಡಿ ಮಾತ್ರ ಇದ್ದರೆ ಅಷ್ಟನ್ನೂ ತೆಗೆದು ಗಟ್ಟಿ ಗರಸಿನ ಮೇಲೆ ಪಾಯಾ ಕೂಡಿಸಿ. ಆಳ ಹೆಚ್ಚಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಬುಡ ಉಬ್ಬಿದ ಪೈಲ್ ಇದೆ, ಇಂಜಿನಿಯರರು ‘ಅಂಡರ್ ರೀಮ್ಡ್ ಪೈಲ್’ ಎನ್ನುವುದು ಇದನ್ನೇ. ಕೈಯಿಂದ ತಿರುಗಿಸುವ ಬೈರಿಗೆಯಿಂದ ಸುಮಾರು ಒಂದು ಅಡಿ ಅಗಲದ, ಹನ್ನೆರಡು ಅಡಿ ಆಳದ ಗುಂಡಿ ಕೊರೆದು, ಬುಡದ ಹತ್ತಿರ ಅದನ್ನು ಎರಡೂವರೆ ಪಟ್ಟು ಅಗಲ ಮಾಡಿ, ಸರಳು ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ಆ ಆಳದಲ್ಲಿ ಹಸಿ ವರ್ಷವಿಡೀ ಹೆಚ್ಚು ಬದಲಾಗದು. ಬುಡದ ಉಬ್ಬು ಗೂಟದಂತೆ ಹಿಡಿದುಕೊಳ್ಳುತ್ತದೆ. ಮೇಲೆ ಹೇಳಿದ ಅಳತೆಯ ಮನೆಗೆ ಮೂಲೆ, ಗೋಡೆ ಕೂಡುವ ಜಾಗ ಎಲ್ಲ ಸೇರಿ ಹನ್ನೆರಡರಿಂದ ಹದಿನಾಲ್ಕು ಬೇಕಾದೀತು. ಕೊರೆದ ಗುಂಡಿಯನ್ನು ರಾತ್ರಿ ಹಾಗೇ ಬಿಡಬಾರದು, ಬದಿ ಕುಸಿದರೆ ಕೆಲಸ ಕೆಟ್ಟಂತೆ. ಪೈಲ್‌ಗಳ ತಲೆ ಕೂಡಿಸುವ ಬೀಮಿನ ಕೆಳಗೆ ಮೂರು ಇಂಚು ಖಾಲಿ ಬಿಡಬೇಕು. ಆ ಖಾಲಿ ಜಾಗವನ್ನು ‘ಕೆಲಸ ನೀಟಾಗಲಿ’ ಎಂದು ಮಣ್ಣಿನಿಂದ ಮುಚ್ಚುವವರಿದ್ದಾರೆ. ಹಾಗೆ ಮಾಡಿದರೆ ಎರೆ ಉಬ್ಬಿ ನೇರ ಬೀಮನ್ನೇ ಎತ್ತುತ್ತದೆ.

ಗೋಡೆಗೆ ಸುತ್ತಲೂ ಹಾಯುವ ಕಾಂಕ್ರೀಟ್ ಪಟ್ಟಿ ಮೂರು ಸಾಕು: ಪಾಯಾ ಮಟ್ಟ, ಕಿಟಕಿಯ ಕೆಳಮಟ್ಟ, ಲಿಂಟೆಲ್ ಮಟ್ಟ. ಆರು ಇಂಚಿನ ಪಟ್ಟಿಗೆ 10 ಎಂ.ಎಂ.ನ ನಾಲ್ಕು ಸರಳು, ಆರು ಇಂಚಿಗೊಂದು ರಿಂಗು. ಕೆಡುವುದು ಮೂಲೆಯಲ್ಲಿ. ಎರಡು ಗೋಡೆಯ ಸರಳುಗಳನ್ನು ಮೂಲೆಯಲ್ಲಿ ಕತ್ತರಿಸಿ ಎದುರುಬದುರು ಇಟ್ಟುಬಿಡುತ್ತಾರೆ. ಸರಳು ಮೂಲೆ ತಿರುಗಿ, ಇನ್ನೊಂದು ಗೋಡೆಯೊಳಗೆ ಎರಡು ಅಡಿ ಹೋಗಿ ಅಲ್ಲಿನ ಸರಳಿನ ಜೊತೆ ಕಟ್ಟಿರಬೇಕು. ಹಾಗಿಲ್ಲದ ಪಟ್ಟಿ ತುಂಡಾದ ಉಡಿದಾರದಂತೆ.

ಮೇಲ್ಮುದ್ದಿ ಮನೆಗಳ (ಮಣ್ಣಿನ ಮಾಳಿಗೆಯ ಮನೆಗಳ) ಮಾತು ಬೇರೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಬಾಗಲಕೋಟೆ, ವಿಜಯಪುರ ಕಡೆ ಹೊಳೆ ಮುಟ್ಟದ ಮನೆಗಳೂ ಬಿದ್ದವು. ಬೀಳಿಸಿದ್ದು ಬಿಡದೆ ಹಿಡಿದ ಮಳೆ. ಒಂದು ಘನ ಅಡಿ ಮಣ್ಣು ಒಣಗಿದ್ದಾಗ 45 ಕೆ.ಜಿ. ಆಸುಪಾಸು, ನೆನೆದರೆ 55. 10ಕ್ಕೆ 10ರ ಕೋಣೆಯ ಮೇಲೆ ಒಂದು ಅಡಿ ಮಣ್ಣಿದ್ದರೆ ಜಂತಿಗಳು ಹೊರುವುದು ನಾಲ್ಕೂವರೆ ಟನ್, ಮಳೆ ಹಿಡಿದರೆ ಐದೂವರೆ. ಸೋರಿತೆಂದು ಪ್ರತಿವರ್ಷ ಮೇಲೆ ಹೊಸ ಮಣ್ಣು ಹಾಕಿ, ಹಳೆಯದು ತೆಗೆಯದೆ ಒಂದೂವರೆ ಅಡಿ ಆಗಿರುವ ಮಾಳಿಗೆಗಳು ಎಷ್ಟೋ. ಕೆಳಗಿನ ಎರಡು ಅಡಿ ದಪ್ಪದ ಕಲ್ಲುಗೋಡೆಯೂ ನಿಜವಾಗಿ ಒಂದು ಗೋಡೆಯಲ್ಲ. ಒಳಮುಖ ಒಂದು, ಹೊರಮುಖ ಒಂದು, ನಡುವೆ ಮಣ್ಣು ಮತ್ತು ಚೂರುಕಲ್ಲು. ನಡುವಿನ ಮಣ್ಣು ನೆನೆದು ಉಬ್ಬಿದಾಗ ಹೊರಮುಖ ಹೊಟ್ಟೆ ಬಿಡುತ್ತದೆ. ಹೊಟ್ಟೆ ಬಿಟ್ಟ ಗೋಡೆ ಕಂಡರೆ ಮಳೆಗಾಲಕ್ಕೆ ಮೊದಲೇ ಬಿಚ್ಚಿ, ಎರಡೂ ಮುಖ ಮುಟ್ಟುವ ಉದ್ದಕಲ್ಲು ನಾಲ್ಕು ಅಡಿಗೊಂದರಂತೆ ಇಟ್ಟು ಕಟ್ಟಬೇಕು. ಮಾಳಿಗೆಯ ಹಳೆ ಮಣ್ಣನ್ನು ಅರ್ಧ ಅಡಿಗೆ ಇಳಿಸಬೇಕು. ಗೋಡೆಗೆ ಹೊರಗಿನಿಂದ ಸಿಮೆಂಟ್ ಗಿಲಾವು ಹೊಡೆದರೆ ಭದ್ರ ಎಂಬುದು ತಪ್ಪು ತಿಳಿವಳಿಕೆ. ಒಳಗಿನ ಹಸಿ ಹೊರಬರಲಾಗದೆ ಅಲ್ಲೇ ಕೂರುತ್ತದೆ.

ಶೌಚಾಲಯದ ಗುಂಡಿ, ನೀರಿನ ತೊಟ್ಟಿ ಬಗ್ಗೆ ಎರಡೇ ಮಾತು. ನೆರೆ ಬರುತ್ತದೆಂದು ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಬೇಡಿ. ಖಾಲಿ ಟ್ಯಾಂಕು ನೆನೆದ ನೆಲದಲ್ಲಿ ದೋಣಿಯಂತೆ ಮೇಲೇಳುತ್ತದೆ. ನೆಲದೊಳಗಿನ ತೊಟ್ಟಿಯೂ ತುಂಬಿಯೇ ಇರಲಿ. ಸ್ವಿಚ್ ಬೋರ್ಡ್ ಗೆರೆಯ ಮೇಲಿರಬೇಕು, ವೈರು ಛಾವಣಿಯಿಂದ ಕೆಳಗೆ ಇಳಿಯಬೇಕು. ಖರ್ಚು ಉಳಿಸಲು ಮೊದಲು ಕೈಬಿಡುವುದು ಹೊರಗಿನ ಮೆಟ್ಟಿಲನ್ನು. ಆದರೆ ರಾತ್ರಿ ನೀರು ಬಂದರೆ ಜನ, ಜೋಳದ ಚೀಲ ಎರಡಕ್ಕೂ ಅದೊಂದೇ ದಾರಿ.

ಮನೆಯ ಹೊರಗೂ ಒಂದು ತಪ್ಪು ನಡೆಯುತ್ತಿದೆ. ಓಣಿಯ ಸಿಸಿ ರಸ್ತೆ ಹಾಳಾದಾಗ ಹಳೆಯದನ್ನು ಅಗೆದು ತೆಗೆಯದೆ ಅದರ ಮೇಲೇ ಆರು ಇಂಚು ಹೊಸ ಕಾಂಕ್ರೀಟ್ ಸುರಿಯುತ್ತಾರೆ. ಎರಡು ಸಲ ಹೀಗಾದರೆ ಎರಡು ಅಡಿಯ ಪಾಯಾ ಒಂದು ಅಡಿಗೆ ಇಳಿಯಿತು. ಮನೆಯವರು ಏನೂ ಮಾಡದೆಯೇ ಅವರ ಮನೆ ತಗ್ಗಿಗೆ ಬಿತ್ತು. ಹೊಸ ರಸ್ತೆಯ ಮೈ ಹಳೆಯ ಮಟ್ಟದಲ್ಲೇ ಇರಬೇಕೆಂದು ಟೆಂಡರಿನಲ್ಲೇ ಬರೆದರೆ ಇದು ನಿಲ್ಲುತ್ತದೆ.

ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಅದಕ್ಕಾಗಿ ಹೊಸ ಪುನರ್ವಸತಿ ಕೇಂದ್ರಗಳು ಬರಲೇಬೇಕು. ಜಾಗ ಆರಿಸುವ ಮೊದಲು ಎರಡು ಎಕರೆಗೊಂದರಂತೆ ಹನ್ನೆರಡು ಅಡಿ ಗುಂಡಿ ತೋಡಿ ಎರೆಯ ಆಳ ನೋಡಲಿ. ಹಳ್ಳದ ದಾರಿಯ ಮೇಲೆ ಸೈಟು ಹಾಕದಿರಲಿ. ದನದ ಮನೆಗೆ, ಕಣಿಕೆ ಬಣವಿಗೆ ಜಾಗ ಬಿಡಲಿ. 2009ರ ನಂತರ ‘ಆಸರೆ’ ಯೋಜನೆಯಲ್ಲಿ ಕಟ್ಟಿದ ಮನೆಗಳು ಹಲವೆಡೆ ಖಾಲಿ ಉಳಿದದ್ದಕ್ಕೆ ಹೊಲ ದೂರವಾದದ್ದು, ಎತ್ತು ಕಟ್ಟಲು ಜಾಗವಿಲ್ಲದ್ದು ಮುಖ್ಯ ಕಾರಣ. ಗೋಡೆ ಎಷ್ಟು ಭದ್ರವಿದ್ದರೂ ಎತ್ತಿಲ್ಲದ ಮನೆಗೆ ರೈತ ಹೋಗಿ ಇರುವುದಿಲ್ಲ.

ಇದೆಲ್ಲದಕ್ಕೂ ಮೊದಲು ಆಗಬೇಕಾದದ್ದು ಗೆರೆಯ ಕೆಲಸ. ದಸರೆ, ದೀಪಾವಳಿಗೆ ಸುಣ್ಣ ಬಳಿದಾಗಲೆಲ್ಲ 2019ರ ಗುರುತು ಗೋಡೆಗಳಿಂದ ಅಳಿಯುತ್ತಿದೆ. ಪ್ರತಿ ಗ್ರಾಮ ಪಂಚಾಯಿತಿ ಈ ಬೇಸಿಗೆಯಲ್ಲೇ ಓಣಿಗೊಂದು ವಿದ್ಯುತ್ ಕಂಬದ ಮೇಲೆ ಆ ಗೆರೆಯನ್ನು ಕೆಂಪು ಬಣ್ಣದಲ್ಲಿ, ಇಸವಿ ಸಮೇತ ಬರೆಸಲಿ. ತಳಪಾಯದ ಫೋಟೊ ತೆಗೆಯುವವರು ಆ ಕಂಬದಿಂದ ಲೆವೆಲ್ ಪೈಪು ಹಿಡಿದು, ಅಡಿ ಗುರುತಿನ ಗಳುವೊಂದನ್ನು ಪಾಯಾಕ್ಕೆ ಆನಿಸಿ ನಿಲ್ಲಿಸಿ, ಗೆರೆ ಬಂದಲ್ಲಿ ಕೆಂಪು ದಾರ ಕಟ್ಟಿ ಫೋಟೊ ತೆಗೆಯಲಿ. ದಾರ ಪಾಯಾಕ್ಕಿಂತ ಮೇಲಿದ್ದರೆ ಗೋಡೆ ಏಳುವ ಮೊದಲೇ ಕೆಲಸ ನಿಲ್ಲಿಸಿ ಪಾಯಾ ಏರಿಸಬಹುದು, ಆಗ ಖರ್ಚಾಗುವುದು ಕಲ್ಲು ಮತ್ತು ಗರಸಿಗೆ ಮಾತ್ರ.

— ಕೆಲವು ಕಟ್ಟಡ ಇಂಜಿನಿಯರರು ಮತ್ತು ಗವಂಡಿಗಳು, ಮುಧೋಳ