ಕಾಪು ಲೈಟ್‌ಹೌಸ್ ಹತ್ತಿದವರಿಗೆ ಕಥೆಯೂ ಸಿಗಲಿ

ಮಾನ್ಯ ಸಂಪಾದಕರೇ,

ರಜೆಯ ಸಂಜೆ ಕಾಪು ಬೀಚಿಗೆ ಬಂದರೆ ಲೈಟ್‌ಹೌಸ್ ಹತ್ತಲು ಸಾಲು ನಿಂತಿರುತ್ತದೆ. ಏದುಸಿರು ಬಿಡುತ್ತ ಮೇಲೆ ಹೋದವರು ನಾಲ್ಕು ಸೆಲ್ಫಿ ತೆಗೆದು ಇಳಿಯುತ್ತಾರೆ. ತಪ್ಪೇನಿಲ್ಲ, ಮೇಲೆ ಗಾಳಿ ಅಷ್ಟು ಚೆನ್ನಾಗಿದೆ. ಆದರೆ ‘ಇದನ್ನು ಬಂಡೆ ಮೇಲೇ ಯಾಕೆ ಕಟ್ಟಿದ್ದು?’ ಎಂದು ಮಗು ಕೇಳಿದರೆ ಅಪ್ಪ ಅಮ್ಮ ಮುಖ ಮುಖ ನೋಡಿಕೊಳ್ಳುತ್ತಾರೆ.

ಬಂಡೆಗೆ ದೋಣಿ ಬಡಿಯಬಾರದು, ಅದೊಂದು. ಇನ್ನೊಂದು ಎತ್ತರ. ಭೂಮಿ ಗುಂಡಗಿರುವುದರಿಂದ ದೀಪ ಎತ್ತರದಲ್ಲಿದ್ದಷ್ಟೂ ದೂರಕ್ಕೆ ಕಾಣುತ್ತದೆ. ಕಾಪುವಿನ ಗೋಪುರವೇ ಸುಮಾರು 27 ಮೀಟರ್. ಅಷ್ಟು ಎತ್ತರದಿಂದ ದಿಗಂತ ಸುಮಾರು 18 ಕಿ.ಮೀ. ದೂರ. ಬಂಡೆಯ ಎತ್ತರ ಸೇರಿದರೆ ಇನ್ನೂ ಜಾಸ್ತಿ. ಒಂದೊಂದು ಲೈಟ್‌ಹೌಸ್ ಮಿನುಗುವ ಲೆಕ್ಕವೂ ಬೇರೆ ಬೇರೆ. ಜಿಪಿಎಸ್ ಇಲ್ಲದ ಕಾಲದಲ್ಲಿ ಮಲ್ಪೆಯ ತಾಂಡೇಲರು, ಅಂದರೆ ಮೀನುಗಾರಿಕೆ ದೋಣಿ ನಡೆಸುವ ಮುಖ್ಯಸ್ಥರು, ಆ ಲೆಕ್ಕ ನೋಡಿಯೇ ಊರು ಯಾವುದೆಂದು ಹೇಳುತ್ತಿದ್ದರು.

ಕಾಪುವಿನ ದೀಪ 1901ರದ್ದು. ಅದಕ್ಕೂ ಮೊದಲೇ, 1864ರಲ್ಲಿ, ಕಾರವಾರದ ಎದುರಿನ ದೇವಗಡ ದ್ವೀಪದಲ್ಲಿ ಬ್ರಿಟಿಷರು ದೀಪ ಕಟ್ಟಿಸಿದ್ದರು. ಆಯ್ಸ್ಟರ್ ರಾಕ್ ಲೈಟ್‌ಹೌಸ್ ಅಂದರೆ ಅದೇ. ನಮ್ಮಂಥವರು ಅಲ್ಲಿಗೆ ಸುಮ್ನೆ ಹೋಗಿ ಬರುವುದು ಆಗದ ಮಾತು. ಇಂಥ ನಡುಗಡ್ಡೆಗಳಲ್ಲಿ ಮಳೆಗಾಲದಲ್ಲಿ ದೋಣಿ ದಡಕ್ಕೆ ಹಚ್ಚುವುದೇ ಕಷ್ಟ. ಆಗಿನ ಕಾವಲುಗಾರರು ಅಕ್ಕಿ, ದೀಪದ ಎಣ್ಣೆ ಎಲ್ಲ ಮೊದಲೇ ಕೂಡಿಟ್ಟುಕೊಳ್ಳಬೇಕಿತ್ತು. ಹಳೆಯ ತಿರುಗುವ ದೀಪಗಳಿಗೆ ಗೋಡೆ ಗಡಿಯಾರದ ಹಾಗೆ ಕೀ ಕೊಡಬೇಕಿತ್ತು. ತೂಗುಬಿಟ್ಟ ಭಾರ ಇಳಿಯುತ್ತ ಹೋದಂತೆ ಮಸೂರ ತಿರುಗುತ್ತದೆ. ಭಾರ ತಳ ಮುಟ್ಟುವ ಮೊದಲು ಕಾವಲುಗಾರ ಎದ್ದು ಮತ್ತೆ ಮೇಲೆತ್ತಬೇಕು. ನಿದ್ದೆ ಎಲ್ಲಿಂದ ಬರಬೇಕು ಹೇಳಿ! ಆ ಮಸೂರವೂ ಒಂದೇ ಗಾಜಲ್ಲ. ಪಟ್ಟಕಗಳನ್ನು ಸುತ್ತಲೂ ಉಂಗುರದಂತೆ ಜೋಡಿಸಿ, ಚದುರುವ ಬೆಳಕನ್ನು ಒಟ್ಟುಗೂಡಿಸಿ ನೇರ ಕಡಲಿಗೆ ಕಳಿಸುವ ಉಪಾಯ. ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ 1820ರ ದಶಕದಲ್ಲಿ ಇದನ್ನು ಬಳಕೆಗೆ ತಂದ.

ದೇವಗಡಕ್ಕೆ ಜನರನ್ನು ಕರೆದೊಯ್ಯಲು ಆಗದಿದ್ದರೆ ದೇವಗಡದ ಕಥೆಯನ್ನೇ ಕಾಪುವಿಗೆ ತರಬಹುದಲ್ವಾ? ದೊಡ್ಡ ಮ್ಯೂಸಿಯಂ ಬೇಡ. ಬಂಡೆಯ ಹತ್ತಿರ ಒಂದು ಸಣ್ಣ ಕೋಣೆ ಸಾಕು. ಮಕ್ಕಳು ಕೈಯಿಂದ ತಿರುಗಿಸಿ ನೋಡುವ ಮಸೂರದ ಮಾದರಿ, ಕರಾವಳಿಯ ದೀಪಗಳ ನಕ್ಷೆ, ದೇವಗಡದ ಫೋಟೋಗಳು ಇರಲಿ. ವಿವರಣೆ ಕನ್ನಡದಲ್ಲಿರಲಿ. ವಾರಕ್ಕೊಮ್ಮೆ ಕಡಲು ಬಿಟ್ಟ ಹಿರಿಯ ತಾಂಡೇಲರೊಬ್ಬರನ್ನು ಕೂರಿಸಿದರೆ ತುಳುವಿನಲ್ಲೇ ಅರ್ಧ ಗಂಟೆ ಕೇಳಬಹುದು. ಅವರಿಗೆ ಗೌರವಧನ ಕೊಡಬೇಕು, ಬರೀ ಶಾಲು ಹೊದಿಸಿ ಕಳಿಸಬಾರದು.

ಕಾನೂನಿನಲ್ಲಿ ದಾರಿಯೂ ಇದೆ. 1927ರ ಹಳೆ ದೀಪಸ್ತಂಭ ಕಾಯ್ದೆಯ ಜಾಗಕ್ಕೆ 2021ರಲ್ಲಿ ಬಂದ ಹೊಸ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರ ದೀಪಸ್ತಂಭಗಳನ್ನು ಪಾರಂಪರಿಕ ಎಂದು ಗುರುತಿಸಿ, ಶಿಕ್ಷಣ, ಸಂಸ್ಕೃತಿ ಮತ್ತು ಪ್ರವಾಸಕ್ಕೂ ಬಳಸಬಹುದು. ಕಾಪು ಮತ್ತು ದೇವಗಡ ಎರಡಕ್ಕೂ ಒಟ್ಟಿಗೇ ಇದರ ಪ್ರಯೋಜನ ಸಿಗುವಂತೆ ಎರಡೂ ಜಿಲ್ಲೆಗಳ ಜನಪ್ರತಿನಿಧಿಗಳು ದೆಹಲಿಯಲ್ಲಿ ಕೇಳಬೇಕು. ಕೋಣೆಗೆ ಅದರವರೆಗೂ ಕಾಯಬೇಕಾಗಿಲ್ಲ. ಬರುವ ಸೆಪ್ಟೆಂಬರ್ 21ರ ದೀಪಸ್ತಂಭ ದಿನಕ್ಕೆ ಜಿಲ್ಲಾಡಳಿತ ಮನಸ್ಸು ಮಾಡಿದರೆ ನಕ್ಷೆ, ಫೋಟೋಗಳಿಂದಲಾದರೂ ಶುರು ಮಾಡಬಹುದು.

– ಓದುಗ, ಕಾಪು