ಕೀಮೊಗೆ ಮುನ್ನ ತಿಳಿವಳಿಕೆ ನೀಡಿ

ಮಾನ್ಯ ಸಂಪಾದಕರೇ,

ಕ್ಯಾನ್ಸರ್‌ಗೆ ಔಷಧದ ಮೂಲಕ ನೀಡುವ ಚಿಕಿತ್ಸೆಯಾದ ಕೀಮೊಥೆರಪಿಯ ಮೊದಲ ಡ್ರಿಪ್ ಹಾಕುವ ಮುನ್ನ ರೋಗಿಯನ್ನೂ ಮನೆಯವರನ್ನೂ ಅರ್ಧ ಗಂಟೆಯಾದರೂ ಕೂರಿಸಿಕೊಂಡು ವಿವರಿಸುವ ವ್ಯವಸ್ಥೆ ಎಲ್ಲ ಆಸ್ಪತ್ರೆಗಳಲ್ಲೂ ಕಡ್ಡಾಯವಾಗಬೇಕು. ನನ್ನ ಅಕ್ಕನಿಗೆ ಚಿಕಿತ್ಸೆ ಆರಂಭವಾದಾಗ, ಹಲ್ಲಿನ ತಪಾಸಣೆಯನ್ನು ಮೊದಲೇ ಮಾಡಿಸಿಕೊಳ್ಳಬೇಕೆಂದಾಗಲಿ, ಬಿಳಿ ರಕ್ತಕಣಗಳು ಕುಸಿಯುವ ದಿನಗಳಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಮಾತ್ರೆ ನುಂಗಿ ಮಲಗದೆ ನಡುರಾತ್ರಿಯಾದರೂ ಆಸ್ಪತ್ರೆಗೆ ಧಾವಿಸಬೇಕೆಂದಾಗಲಿ ನಮಗೆ ಸಿಬ್ಬಂದಿ ಯಾರೂ ಹೇಳಲಿಲ್ಲ. ಹೇಳಿದ್ದು ಪಕ್ಕದ ಹಾಸಿಗೆಯಲ್ಲಿದ್ದ ಹಾವೇರಿ ಕಡೆಯ ತಾಯಿಯೊಬ್ಬರು. ಅಕ್ಕ ಕನ್ನಡಿಯ ಮುಂದೆ ಜಡೆ ಹಿಡಿದುಕೊಂಡು ಅಳುತ್ತಿದ್ದಾಗ, ಚಿಕಿತ್ಸೆ ಮುಗಿದ ಮೇಲೆ ಕೂದಲು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ ಎಂದು ವೈದ್ಯರು ಒಂದು ಮಾತು ಹೇಳಿದ್ದರೂ ಆಕೆಗೆ ಎಷ್ಟೋ ಧೈರ್ಯ ಬರುತ್ತಿತ್ತು. ಇಂಥ ವಿವರಗಳನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ, ತುರ್ತು ದೂರವಾಣಿ ಸಂಖ್ಯೆಯೊಂದಿಗೆ ಪ್ರತಿ ರೋಗಿಯ ಕೈಗೆ ಕೊಡಲು ಆರೋಗ್ಯ ಇಲಾಖೆ ಕೂಡಲೇ ಮುಂದಾಗಬೇಕು.

– ಓದುಗ, ದಾವಣಗೆರೆ